ಅವ್ವನ ಸಂಗಡ ಕಡಲಾಚೆಗೆ

ವಾಚಕ ಬಂಧುಗಳಲ್ಲಿ ಮೊದಲೇ ಒಂದು ಬಿನ್ನಹ. ಬರುವ ಜೂನ್ ತಿಂಗಳಿನಿಂದ ನಾಲ್ಕು ಸಂಚಿಕೆಗಳವರೆಗೆ ಈ ಅಂಕಣದ ಲೇಖನಗಳು ಧಾರವಾಡದಿಂದ ಬಾರವು. ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದಿಂದ ಬರಲಿವೆ. ಬಸವ ಜಯಂತಿಯನ್ನು ಊರಲ್ಲಿಯೇ ಮುಗಿಸಿಕೊಂಡು, ಮೇ ತಿಂಗಳ ಕೊನೆಯ ವಾರದಲ್ಲಿ ನಾನು ನನ್ನ ಎಂಬತ್ತೆರಡು ವರ್ಷದ ಮಾತೃಶ್ರೀಯವರೊಡನೆ ಅಲ್ಲಿಗೆ ಪ್ರಯಾಣ ಬೆಳೆಸುವವನಿದ್ದೇನೆ. ಮರಳಿ ಬರುವುದು ಸೆಪ್ಟೆಂಬರ್ ಎರಡನೆಯ ವಾರದಲ್ಲಿ. ಇದಕ್ಕಾಗಿ ಇದ್ದ ಕೆಲಸವನ್ನು ಬಿಟ್ಟಿದ್ದೇನೆ.

‘ಮಾತೃಶ್ರೀಯವರು’ ಎಂದು ಬರೆದೆನಲ್ಲ, ಅದು ಲೇಖನಿಯ ಅಭ್ಯಾಸ. ಬಾಯಲ್ಲಿ ಆ ಮಾತು ಒಮ್ಮೆಯೂ ಬಂದುದಿಲ್ಲ. ಮುಂದೆ ‘ಅವ್ವ’ ಎಂದೇ ಬರೆಯುತ್ತೇನೆ.

ಈ ಸುದ್ದಿ ಕೇಳಿದವರೆಲ್ಲ ನನ್ನನ್ನು ಹೊಗಳುತ್ತಿದ್ದಾರೆ. ‘ತಾಯಿಗಾಗಿ ನೌಕರಿ ಬಿಟ್ಟಿರಿ, ಇಂಥ ಮಕ್ಕಳು ಈಗೆಲ್ಲಿ ಸಿಗುತ್ತಾರೆ’ ಎಂದು ಹಿರಿಯರೊಬ್ಬರು ತುಂಬಿದ ಸಭೆಯಲ್ಲಿಯೇ ಹೇಳಿಬಿಟ್ಟರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಳಗೊಳಗೇ ಇರುಸುಮುರುಸಾಗುತ್ತದೆ. ಅದಕ್ಕೆ ಕಾರಣವುಂಟು. ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ತಿಂಗಳ ಪುಟಗಳನ್ನು ಬಳಸಿಕೊಳ್ಳುತ್ತಿದ್ದೇನೆ. ವಯಸ್ಸಾದ ತಂದೆತಾಯಿಗಳನ್ನು ಪರದೇಶದಲ್ಲಿರುವ ಮಕ್ಕಳು ಮೊಮ್ಮಕ್ಕಳ ಮನೆಗೆ ಕರೆದೊಯ್ಯುವ ಸಂದರ್ಭ ಈಗ ನಮ್ಮ ಅನೇಕ ಮನೆತನಗಳಿಗೆ ಒದಗುತ್ತಿರುವುದರಿಂದ, ಈ ಒಂದು ವರ್ಷದಲ್ಲಿ ನಾನು ಪೆಟ್ಟು ತಿಂದು ಕಲಿತ ಕೆಲವು ಸಂಗತಿಗಳು ಅವರಿಗೂ ಉಪಯೋಗಕ್ಕೆ ಬಂದಾವು.

ನನ್ನ ತಂಗಿ ನಾಲ್ಕು ವರ್ಷಗಳ ಹಿಂದೆ ಲಿಂಗೈಕ್ಯಳಾದಳು. ಅವಳ ಒಬ್ಬಳೇ ಮಗಳು ವೈದ್ಯೆ. ಗಂಡನೊಡನೆ ಎಡಿನ್‌ಬರೋದಲ್ಲಿ ನೆಲೆಸಿದ್ದಾಳೆ. ಹೋದ ವರ್ಷ ಯುಗಾದಿ ಕಳೆದು ಕೆಲವು ವಾರಗಳಾದ ಮೇಲೆ ಅವಳು ಗರ್ಭಿಣಿಯೆಂಬ ಸುದ್ದಿ ಬಂತು. ಅವ್ವ ಆಗ ಬೈಲಹೊಂಗಲ ತಾಲೂಕಿನ ನಮ್ಮ ಹಳ್ಳಿಯಲ್ಲಿ, ನನ್ನ ತಮ್ಮನ ಮನೆಯಲ್ಲಿದ್ದಳು. ಸುದ್ದಿ ಕೇಳಿ ಕಣ್ಣು ತುಂಬಿ ನಕ್ಕವಳು ಮರುಗಳಿಗೆಯೇ ‘ಬಾಣಂತನ ಯಾರ ಮಾಡೋರು?’ ಎಂದು ಕೇಳಿದಳಂತೆ. ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ನನಗೆ ಫೋನ್ ಹಚ್ಚಿಸಿದಳು. ‘ಅಪ್ಪಾ, ತಾಯಿ ಇಲ್ಲದ ಕೂಸದು. ನಾ ಹೋಗತೀನಿ. ನೀ ಕರಕೊಂಡ ನಡಿ’ ಎಂದಳು. ನನ್ನ ಅಭಿಪ್ರಾಯವನ್ನು ಕೇಳಲಿಲ್ಲ. ಅವ್ವ ತನಗಾಗಿ ನನ್ನಿಂದ ಏನನ್ನಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಅದೂ ತನಗಾಗಿ ಅಲ್ಲವೆನ್ನಿ.

ಅವಳ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಇರುವುದಾದರೂ ಹೇಗೆ? ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳು ಹುಟ್ಟಿದ್ದನ್ನು ಯಾರೂ ಬರೆದಿಟ್ಟಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದು ನಮೂದಾಗಿದೆ. ನಮ್ಮ ಹಳ್ಳಿಯ ಹಿರಿಯರಲ್ಲಿ ಬಹುಜನ ಜನವರಿ ಒಂದರಂದೇ ಹುಟ್ಟಿದವರು. ಆ ದಿನ ಊರ ಸೂಲಗಿತ್ತಿಗೆ ಊಟಕ್ಕೂ ಪುರಸತ್ತು ಸಿಕ್ಕಿರಲಿಕ್ಕಿಲ್ಲ! 2016ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ನಿಯಮಗಳನ್ನು ಸಡಿಲಿಸಿದಂದಿನಿಂದ ಹಿರಿಯರ ಜನ್ಮದಿನಾಂಕಕ್ಕೆ ಆಧಾರ್, ಪ್ಯಾನ್, ಮತದಾರರ ಗುರುತಿನ ಚೀಟಿ ಮುಂತಾದವು ನಡೆಯುತ್ತವೆ. ಆದುದರಿಂದ ತೊಡಕು ಬಂದುದು ಹುಟ್ಟಿದ ದಿನದಿಂದಲ್ಲ, ಹೆಸರಿನಿಂದ. ರೇಷನ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ ‘ಅವ್ವ’ ಎಂದಿದೆ. ಆಧಾರಿನಲ್ಲಿ ಅದೇ ಹೆಸರು ‘ಅಮ್ಮ’ ಎಂದಾಗಿದೆ. ಬರೆದುಕೊಂಡ ಹುಡುಗನಿಗೆ ‘ಅವ್ವ’ ಎಂಬುದು ಹಳ್ಳಿಯ ಮಾತೆನ್ನಿಸಿರಬೇಕು. ಬ್ಯಾಂಕಿನ ಪುಸ್ತಕದಲ್ಲಿ ನಮ್ಮ ಅಪ್ಪನ ಹೆಸರೂ ಮನೆತನದ ಹೆಸರೂ ಹಿಂದುಮುಂದಾಗಿ ಕುಳಿತಿವೆ. ಹೆಂಗಸು ಒಬ್ಬಳೇ, ಕಾಗದಗಳಲ್ಲಿ ಮೂವರು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಒಮ್ಮೆ ಬರಿಗೈಯಲ್ಲಿ ಮರಳಿ, ತಿದ್ದುಪಡಿಗೆಂದು ಕಚೇರಿಯಿಂದ ಕಚೇರಿಗೆ ಅಲೆದು, ಪೊಲೀಸ್ ವಿಚಾರಣೆಯೂ ಮುಗಿದು ಪುಸ್ತಕ ಕೈಸೇರಿದ್ದು ಈ ಜನವರಿಯಲ್ಲಿ. ಕೂಸು ಡಿಸೆಂಬರಿನಲ್ಲಿಯೇ ಹುಟ್ಟಿತ್ತು.

ಹೀಗೆ ಬಾಣಂತನದ ಕಾಲ ಕಾಗದಗಳಲ್ಲಿ ಕಳೆಯಿತು. ಆ ಹುಡುಗಿಯ ಗಂಡನೇ ರಜೆ ಹಾಕಿ, ಕಂಡವರನ್ನು ಕೇಳಿ ಕೇಳಿ ಅಡುಗೆ ಮಾಡಿ ಹಾಕಿದನಂತೆ. ಹೆಣ್ಣುಕೂಸು ಹುಟ್ಟಿದ ದಿನ ಅವ್ವ ಸಂಜೆಯವರೆಗೂ ಯಾರೊಡನೆಯೂ ಮಾತನಾಡಲಿಲ್ಲವೆಂದು ತಮ್ಮ ಹೇಳಿದ. ಮರುದಿನ ಎದ್ದು, ‘ಐದ ತಿಂಗಳ ಕೂಸಿಗೂ ಎಣ್ಣಿ ಹಚ್ಚತಾರ’ ಎಂದು ತನಗೆ ತಾನೇ ಹೇಳಿಕೊಂಡಳಂತೆ. ಮನೆಯಲ್ಲಿ ವೃದ್ಧರಿರುವ ಬಂಧುಗಳಲ್ಲಿ ನನ್ನ ಕಳಕಳಿಯ ಬಿನ್ನಹವಿದು: ಪ್ರವಾಸದ ವಿಚಾರ ಇರಲಿ ಬಿಡಲಿ, ಅವರ ಕಾಗದಗಳೆಲ್ಲವನ್ನೂ ಇಂದೇ ಒಂದೆಡೆ ಹರಡಿಕೊಂಡು ಹೆಸರಿನ ಅಕ್ಷರಗಳನ್ನು ಕೂಡಿಸಿ ನೋಡಿರಿ. ಶಾಸನಗಳಲ್ಲಿ ಪಾಠಾಂತರ ಹುಡುಕುವುದೇ ನನ್ನ ಜೀವನದ ಕೆಲಸ. ಹೆತ್ತ ತಾಯಿಯ ಹೆಸರಿಗೆ ಮೂರು ಪಾಠಗಳಿದ್ದುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ವೀಸಾದ ಕೆಲಸ ಅಷ್ಟು ಕಷ್ಟವಾಗಲಿಲ್ಲ. ಬ್ರಿಟನ್ನಿಗೆ ಭೇಟಿಗೆ ಹೋಗುವವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ಹೊರಡುವುದಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲು ಬರುವುದಿಲ್ಲ. ಮಾರ್ಚಿನಲ್ಲಿ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದೆವು. ಗಾಜಿನ ಮೇಲೆ ಬೆರಳಿಟ್ಟರೆ ಅವ್ವನ ಬೆರಳುಗಳ ಗೆರೆಗಳು ಮೂಡಲೊಲ್ಲವು. ಅಲ್ಲಿದ್ದ ಹುಡುಗಿ ತಾಳ್ಮೆಯಿಂದ ಒರೆಸಿ ಒರೆಸಿ ಇಡಿಸಿದಳು. ಅವ್ವ ಅವಳಿಗೇ ಸಮಾಧಾನ ಹೇಳಿದಳು: ‘ರೊಟ್ಟಿ ಬಡದ ಕೈ ಇವು, ಸವದಾವ ಬಿಡವಾ.’ ಬಂದಷ್ಟನ್ನು ತೆಗೆದುಕೊಂಡರು. ನನ್ನ ಬೆರಳುಗಳು ಮೊದಲ ಸಲಕ್ಕೇ ನುಣುಪಾಗಿ ಮೂಡಿದವು.

ಅರ್ಜಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ಪ್ರಶ್ನೆ: ಉದ್ಯೋಗವೇನು? ಕಾಲೇಜಿನಿಂದ ನಿವೃತ್ತನಾದ ಮೇಲೆ ಹತ್ತಿರ ಹತ್ತಿರ ಮೂರು ವರ್ಷ ಒಂದು ಸಂಸ್ಥೆಯಲ್ಲಿ ಶಾಸನಸಂಪುಟವೊಂದರ ಸಂಪಾದನಕಾರ್ಯದಲ್ಲಿದ್ದೆ. ಗೌರವಧನ ಅಲ್ಪ, ಕೆಲಸ ಮಾತ್ರ ಮನಸ್ಸಿಗೊಪ್ಪಿದ್ದು. ನಾಲ್ಕು ತಿಂಗಳ ಬಿಡುವು ಬೇಡಿದೆ. ಹದಿನೈದು ದಿನವಾದರೆ ಕೊಡಬಹುದೆಂಬ ಉತ್ತರ ಬಂತು. ಅವರದು ತಪ್ಪೆನ್ನಲಾರೆ. ಅನುದಾನಕ್ಕೆ ಲೆಕ್ಕ ಒಪ್ಪಿಸಬೇಕಾದವರು ಅವರು. ರಾಜೀನಾಮೆಯ ಪತ್ರ ಬರೆಯುವಾಗ ನನ್ನ ಕೈ ನಡುಗಲಿಲ್ಲ. ಟಿಪ್ಪಣಿಯ ಕಾರ್ಡುಗಳ ಪೆಟ್ಟಿಗೆಗಳನ್ನು ಇನ್ನೊಬ್ಬರ ಮೇಜಿಗೆ ಸಾಗಿಸುವಾಗ ಎದೆಯಲ್ಲಿ ಏನೋ ಜಗ್ಗಿದಂತಾಯಿತು. ಸಂಪುಟದ ಅರ್ಧದಷ್ಟು ಕರಡಚ್ಚು ನೋಡುವುದು ಇನ್ನೂ ಉಳಿದಿತ್ತು.

ಹಳೆಯ ಸಹಾಧ್ಯಾಯಿಗಳೊಬ್ಬರು ಮನೆಗೆ ಬಂದು ಆಕ್ಷೇಪಿಸಿದರು. ‘ಕಾಯಕಕ್ಕೆ ನಿವೃತ್ತಿಯಿಲ್ಲವೆಂದು ನಾಲ್ವತ್ತು ವರ್ಷ ವೇದಿಕೆಯ ಮೇಲೆ ಹೇಳಿದವರು ನೀವು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊರಡುವುದು ಎಷ್ಟರಮಟ್ಟಿಗೆ ಸರಿ?’ ಪ್ರಶ್ನೆ ನ್ಯಾಯವಾದುದೇ. ಕಾಯಕವೆಂದರೆ ಸಂಬಳದ ಹುದ್ದೆಯಲ್ಲವೆಂದು ನಾನು ಉತ್ತರ ಕೊಟ್ಟೆ; ಹರಳೆಣ್ಣೆ ಹಚ್ಚಿ ಕೂಸಿಗೆ ನೀರು ಹಾಕಲು ಎಂಬತ್ತೆರಡರಲ್ಲಿ ಸಮುದ್ರ ದಾಟುವವಳದು ಕಾಯಕವಲ್ಲವೇ, ಅವಳ ಚೀಲ ಹೊರುವವನದು ಅಲ್ಲವೇ ಎಂದೂ ಕೇಳಿದೆ. ಅವರು ಸುಮ್ಮನಾದರು. ಉತ್ತರ ಚೆನ್ನಾಗಿಯೇ ಇತ್ತು. ಆದರೆ ಪೂರ್ತಿ ನಿಜವಾಗಿರಲಿಲ್ಲ. ಎಡಿನ್‌ಬರೋದ ಹೆಸರು ಕೇಳಿದೊಡನೆ ನನ್ನ ಮನಸ್ಸಿಗೆ ಬಂದುದು ಕೂಸಲ್ಲ, ವಾಲ್ಟರ್ ಎಲಿಯಟ್.

ಎಲಿಯಟ್ ಯಾರೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸ್ಕಾಟ್ಲೆಂಡಿನವನು, ಹುಟ್ಟಿದ್ದು 1803ರಲ್ಲಿ. ಇಪ್ಪತ್ತೊಂದರ ಎಳೆಯ ವಯಸ್ಸಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಕೆಳಗೆ ಸಹಾಯಕನಾಗಿದ್ದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಹತನಾದಾಗ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕರು. ಕೆಲವು ವಾರಗಳ ತರುವಾಯ ಇವರಿಗೆ ಬಿಡುಗಡೆಯಾಯಿತು. ಆ ತರುಣ ಹೆದರಿ ನಾಡು ಬಿಟ್ಟು ಹೋಗಲಿಲ್ಲ. ಮುಂದಿನ ವರ್ಷಗಳಲ್ಲಿ ಈ ಸೀಮೆಯ ಹಳ್ಳಿಹಳ್ಳಿಗಳ ಗುಡಿಗಳಲ್ಲಿದ್ದ ಕಲ್ಬರಹಗಳನ್ನು ಪ್ರತಿ ಮಾಡಿಸತೊಡಗಿದ. ನೂರಾರು ಶಾಸನಗಳು ಹೀಗೆ ಕಾಗದಕ್ಕಿಳಿದು ಕೈಬರಹದ ಸಂಪುಟಗಳಾದವು. ಅವುಗಳ ಆಧಾರದಿಂದ ಚಾಲುಕ್ಯರೇ ಮೊದಲಾದ ಅರಸುಮನೆತನಗಳ ಕುರಿತು ಅವನು ಬರೆದ ಲೇಖನ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಫ್ಲೀಟ್ ಸಾಹೇಬರು ನಡೆಸಿದ ಶಾಸನಾಧ್ಯಯನಕ್ಕೂ ಈ ಸಂಗ್ರಹ ಒದಗಿಬಂತು. ಪ್ರತಿಯೊಂದು ಆ ಸೊಸೈಟಿಯಲ್ಲಿ ಉಳಿಯಿತು. ಇನ್ನೊಂದು ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರಿತು. ಎಲಿಯಟ್ ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡರೂ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥ ಬರೆದು ಮುಗಿಸಿ, 1887ರಲ್ಲಿ ತನ್ನ ನಾಡಿನಲ್ಲಿಯೇ ತೀರಿಕೊಂಡ.

ಕಲ್ಲಿನ ಅಕ್ಷರ ಎರಡು ನೂರು ವರ್ಷಗಳಲ್ಲಿ ಎಷ್ಟು ಸವೆಯುತ್ತದೆಂಬುದನ್ನು ಶಾಸನ ಓದುವವರೇ ಬಲ್ಲರು. ಸುಣ್ಣ ಬಳಿದವರುಂಟು, ಎಣ್ಣೆ ಹೊಯ್ದವರುಂಟು, ಬಟ್ಟೆ ಒಗೆಯಲು ಹಾಸಿಕೊಂಡವರುಂಟು. ಆಗಿನ ಪ್ರತಿಯಲ್ಲಿ ಒಂದು ಸಾಲು ಹೆಚ್ಚು ಉಳಿದಿದ್ದರೆ ಅದು ನಮ್ಮಂಥವರಿಗೆ ನಿಧಿ. ಆ ಹಾಳೆಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಮೂವತ್ತು ವರ್ಷಗಳಿಂದಲೂ ಇದೆ. ಹಣವಿದ್ದಾಗ ರಜೆಯಿರಲಿಲ್ಲ, ರಜೆಯಿದ್ದಾಗ ಹಣವಿರಲಿಲ್ಲ. ಈಗ ಅವ್ವ ಬಾಯಿ ಬಿಟ್ಟು ಕೇಳಿದೊಡನೆ ನಾನು ಒಂದು ಗಳಿಗೆಯೂ ತಡೆಯದೆ ‘ಆಗಲಿ’ ಎಂದೆನಲ್ಲ, ಆ ‘ಆಗಲಿ’ಯಲ್ಲಿ ಅವಳ ಪಾಲೆಷ್ಟು, ಎಲಿಯಟ್ಟನ ಪಾಲೆಷ್ಟು? ಗ್ರಂಥಾಲಯಕ್ಕೆ ಪತ್ರವನ್ನಂತೂ ಆ ವಾರದಲ್ಲಿಯೇ ಬರೆದಿದ್ದೆ. ಅವ್ವನ ಪಾಸ್‌ಪೋರ್ಟಿನ ಅರ್ಜಿ ಹಾಕಿದ್ದು ಮೂರು ವಾರಗಳ ಮೇಲೆ.

ಇದನ್ನು ಕಂಡುಹಿಡಿದವಳು ನನ್ನ ಮನೆಯಾಕೆ. ಪ್ರವಾಸಕ್ಕೆಂದು ಒಂದು ವಹಿ ಮಾಡಿದ್ದೆ. ಅದರಲ್ಲಿ ವಾರಕ್ಕೆ ಮೂರು ದಿನದಂತೆ ಗ್ರಂಥಾಲಯದ ದಿನಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ್ದೆ. ಲಂಡನ್ನಿನ ಸೊಸೈಟಿಗೆ ಬೇರೆಯೇ ಒಂದು ವಾರ ತೆಗೆದಿಟ್ಟಿದ್ದೆ. ಆಕೆ ಹಾಳೆ ತಿರುವಿ ನೋಡಿ, ‘ಇದು ಅತ್ತಿಯವರ ಪ್ರವಾಸೋ ನಿಮ್ಮ ಪ್ರವಾಸೋ?’ ಎಂದು ಕೇಳಿದಳು. ‘ಕೂಸು, ಬಾಣಂತಿ ಮನೆಯಲ್ಲಿಯೇ ಇರುತ್ತಾರಲ್ಲ, ಅವ್ವನಿಗೆ ಜೊತೆಯಾಗುತ್ತದೆ’ ಎಂದೆ. ಆಕೆ ಮುಂದೆ ಮಾತನಾಡಲಿಲ್ಲ. ರಾತ್ರಿ ಕುಳಿತು ಅದೇ ವಹಿಯ ಹಿಂಭಾಗದಲ್ಲಿ ತಾನೊಂದು ಪಟ್ಟಿ ಬರೆದಿಟ್ಟಳು. ಆಕೆಗೆ ಮೊಮ್ಮಗನ ಪರೀಕ್ಷೆಯ ಹೊಣೆಯಿರುವುದರಿಂದ ನಮ್ಮ ಸಂಗಡ ಬರುವಂತಿಲ್ಲ.

ಆ ಪಟ್ಟಿಯ ಎಲ್ಲ ಹದಿನಾಲ್ಕು ಬಾಬುಗಳನ್ನು ಇಲ್ಲಿ ಹೇಳುವುದು ಉಚಿತವಲ್ಲ. ಕೆಲವನ್ನು ಹೇಳುತ್ತೇನೆ. ರಾತ್ರಿ ಎರಡು ಸಲ ಏಳುತ್ತಾರೆ, ಸಣ್ಣ ದೀಪ ಇಡಬೇಕು. ಮೊಣಕಾಲು ನೋಯುತ್ತದೆಯೇ ಎಂದು ಕೇಳಿದರೆ ಇಲ್ಲವೆನ್ನುತ್ತಾರೆ; ಮೆಟ್ಟಿಲು ಇಳಿಯುವಾಗ ಆಡುತ್ತಿದ್ದ ಮಾತು ನಿಂತರೆ ನೋಯುತ್ತಿದೆಯೆಂದು ತಿಳಿಯಬೇಕು. ಚಹಾದಲ್ಲಿ ಸಕ್ಕರೆ ಕಡಿಮೆ ಮಾಡಿದ್ದನ್ನು ಹೇಳಬಾರದು. ತೀರಿಹೋದ ಮಗಳ ಹೆಸರು ತೆಗೆದರೆ ಮಾತು ಬದಲಿಸಬಾರದು, ಅಳಲು ಬಿಡಬೇಕು. ಬಲಗಿವಿ ಮಂದ, ಎಡಗಡೆಗೆ ಕುಳಿತು ಮಾತನಾಡಬೇಕು.

ಕೊನೆಯದನ್ನು ಓದಿ ನಾನು ಬಹಳ ಹೊತ್ತು ಆ ಹಾಳೆಯನ್ನು ಹಿಡಿದುಕೊಂಡು ಕುಳಿತೆ. ಊರಿಗೆ ಹೋದಾಗಲೆಲ್ಲ ಕಟ್ಟೆಯ ಮೇಲೆ ನಾನು ಕೂಡುವುದು ಅವ್ವನ ಬಲಗಡೆಗೆ. ನನ್ನ ಮಾತಿಗೆ ಅವಳು ‘ಹೂಂ’ ಎಂದು ಸುಮ್ಮನಾಗುತ್ತಿದ್ದಳು. ಶಾಸನ, ಸಭೆ, ಪ್ರಶಸ್ತಿ ಇವೆಲ್ಲ ಅವಳಿಗೆ ಬೇಡವಾದ ಸುದ್ದಿ ಎಂದು ನಾನು ತಿಳಿದಿದ್ದೆ.

ನನ್ನನ್ನು ಶ್ರೀಮಠದ ಪ್ರಸಾದ ನಿಲಯಕ್ಕೆ ಕಳಿಸಿದ್ದು 1972ರ ಬರಗಾಲದ ವರ್ಷ. ನನಗಾಗ ಒಂಬತ್ತು ವರ್ಷ. ಆ ವರ್ಷ ಉತ್ತರ ಕರ್ನಾಟಕದ ಒಣಭೂಮಿಯ ಹಳ್ಳಿಗಳಲ್ಲಿ ಅನೇಕ ಮನೆಗಳ ಮಕ್ಕಳು ಹೀಗೆಯೇ ಮಠಗಳ ದಾರಿ ಹಿಡಿದರು. ಅಲ್ಲಿ ಎರಡು ಹೊತ್ತಿನ ಪ್ರಸಾದವಿತ್ತು, ಅಕ್ಷರವಿತ್ತು. ನನಗಿರುವ ಸಂಸ್ಕೃತ, ಹಳಗನ್ನಡ ಎಲ್ಲವೂ ಆ ಜೋಳಿಗೆಯ ಭಿಕ್ಷೆ, ಅದನ್ನು ಮರೆತವನಲ್ಲ. ಆದರೆ ಆಮೇಲೆ ನಾನು ಮನೆಗೆ ಹೋದದ್ದೆಲ್ಲ ಅತಿಥಿಯಂತೆ. ಬೇಸಿಗೆಯ ರಜೆ, ಜಾತ್ರೆ, ಮದುವೆ, ಮರಣ. ಲೆಕ್ಕ ಹಾಕಿ ನೋಡಿದರೆ ಐವತ್ತು ವರ್ಷಗಳಿಗೂ ಮೀರಿ ಅವ್ವ ಮತ್ತು ನಾನು ಒಂದು ತಿಂಗಳು ಸಲಗ ಒಂದೇ ಸೂರಿನಡಿ ಇದ್ದುದೇ ಇಲ್ಲ. ಈಗ ನೂರಕ್ಕೂ ಹೆಚ್ಚು ದಿನ. ಅವಳಿಗೆ ಅಲ್ಲಿಯ ಭಾಷೆ ಬಾರದು, ನನಗೆ ಅಲ್ಲಿ ಗೆಳೆಯರಿಲ್ಲ. ಮಾತೆಲ್ಲ ನಮ್ಮಿಬ್ಬರಲ್ಲಿಯೇ ಆಗಬೇಕು. ಏನು ಮಾತನಾಡುವುದು? ವಿಮಾನದ ಭಯ ನನಗಿಲ್ಲ. ನಿಜವಾಗಿ ಇರುವ ಭಯ ಇದು. ಸಭೆಯಲ್ಲಿ ನನ್ನನ್ನು ಹೊಗಳಿದ ಹಿರ‍ಿಯರಿಗೆ ಇದನ್ನು ಹೇಳುವ ಧೈರ್ಯವಾಗಲಿಲ್ಲ, ಆದುದರಿಂದ ಇಲ್ಲಿ ಬರೆದಿದ್ದೇನೆ.

ಯುಗಾದಿಗೆ ಅವ್ವ ಧಾರವಾಡದ ನಮ್ಮ ಮನೆಗೆ ಬಂದಳು. ಹೊರಡುವವರೆಗೆ ಇಲ್ಲಿಯೇ ಇರುತ್ತಾಳೆ. ಈ ಸಲ ನಾನು ಎಡಗಡೆಗೆ ಕುಳಿತೆ. ಏನು ಹೇಳಲೂ ತೋಚದೆ ಎಲಿಯಟ್ಟನ ಕಥೆ ಹೇಳಿದೆ. ನಮ್ಮ ತಾಲೂಕಿನವರಿಗೆ ಕಿತ್ತೂರಿನ ಮಾತು ಹೊಸದಲ್ಲ; ಚೆನ್ನಮ್ಮನ ಸಮಾಧಿಯಿರುವುದು ಬೈಲಹೊಂಗಲದಲ್ಲಿಯೇ. ಸೆರೆಸಿಕ್ಕದ್ದು, ಬಿಡುಗಡೆಯಾದದ್ದು, ಕಲ್ಲುಗಳ ಪ್ರತಿ ಮಾಡಿಸಿದ್ದು, ಮುದುಕನಾಗಿ ತನ್ನ ಊರಿನಲ್ಲಿ ಸತ್ತದ್ದು ಎಲ್ಲವನ್ನೂ ಅವ್ವ ಗಮನವಿಟ್ಟು ಕೇಳಿದಳು. ಕೊನೆಗೆ, ‘ಆಂವಗ ಬಿಡುಗಡಿ ಆತು. ಆಕೀಗಿ ಆಗಲಿಲ್ಲ’ ಎಂದಳು. 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ತೀರಿಕೊಂಡ ರಾಣಿಯನ್ನು ಎಲಿಯಟ್ಟನ ಪಕ್ಕದಲ್ಲಿಟ್ಟು ನಾನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಮತ್ತೆ ಕೇಳಿದಳು: ‘ಆ ಕಾಗದ ನೋಡಾಕ ನನ್ನೂ ಕರಕೊಂಡ ಹೋಗತಿಯೇನ? ನಮ್ಮೂರಿನ ಕಲ್ಲೂ ಅದರಾಗ ಇದ್ದೀತು.’ ಇದ್ದರೂ ಇರಬಹುದು. ಕೆಂಪು ಶಾಯಿಯ ದಿನಗಳನ್ನು ವಾರಕ್ಕೆ ಒಂದಕ್ಕಿಳಿಸಿದ್ದೇನೆ. ಲಂಡನ್ನಿನ ವಾರವನ್ನು ಹೊಡೆದುಹಾಕಿದ್ದೇನೆ. ಹಾಗೆ ಮಾಡಿದ್ದಕ್ಕೆ ಮನಸ್ಸಿನಲ್ಲಿ ಸ್ವಲ್ಪ ಕಹಿ ಉಳಿದಿರುವುದನ್ನೂ ಮುಚ್ಚಿಡಲಾರೆ.

ಈಗ ಮನೆಯ ತುಂಬ ಗಂಟುಮೂಟೆಗಳ ಮಾತು. ಮೊದಲ ಜಗಳವಾದದ್ದು ಪೇಢೆಯ ಮೇಲೆ. ಧಾರವಾಡದಿಂದ ಹೋಗುವವರು ಪೇಢೆ ಒಯ್ಯದಿದ್ದರೆ ಹೇಗೆ ಎಂಬುದು ಅವ್ವನ ವಾದ. ಆದರೆ ನಮ್ಮ ದೇಶದಿಂದ ಹೋಗುವವರು ಹಾಲಿನಿಂದ ಮಾಡಿದ ಪದಾರ್ಥಗಳನ್ನು ಬ್ರಿಟನ್ನಿಗೆ ಒಯ್ಯುವಂತಿಲ್ಲ. ಪೇಢೆ, ತುಪ್ಪ, ಖೋವಾ ಎಲ್ಲವೂ ನಿಷಿದ್ಧ. ವೀಳ್ಯದೆಲೆ, ಕಾಯಿಪಲ್ಯೆಗಳೂ ಬೇಡ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಅವನ್ನು ಒಳಗೆ ಬಿಡುವುದಿಲ್ಲ. ತೆಂಗಿನಕಾಯಿಗೆ ಆ ಕಟ್ಟಳೆಯಿಲ್ಲ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಟಕ ರೊಟ್ಟಿ ಇವುಗಳಿಗೆ ತೊಂದರೆಯಿಲ್ಲ. ಕೂಸಿಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಮಾತ್ರ ಕೈಚೀಲದಲ್ಲಿ ಇಡಬಾರದು. ಬಾಯಿ ಬಿಗಿದು ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಡಬೇಕು. ಔಷಧಿಗಳಿಗೆ ಇದರ ವಿರುದ್ಧ ನಿಯಮ: ಅವು ಕೈಚೀಲದಲ್ಲಿಯೇ ಇರಲಿ, ವೈದ್ಯರ ಚೀಟಿ ಸಮೇತ. ದೊಡ್ಡ ಪೆಟ್ಟಿಗೆ ದಾರಿ ತಪ್ಪಿದರೆ ಬಟ್ಟೆ ಕೊಳ್ಳಬಹುದು, ರಕ್ತದೊತ್ತಡದ ಗುಳಿಗೆಯನ್ನು ಅಲ್ಲಿ ವೈದ್ಯರ ಚೀಟಿಯಿಲ್ಲದೆ ಅಂಗಡಿಯವರು ಕೊಡುವುದಿಲ್ಲ.

ವಿಮೆಯ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಭೇಟಿಗೆ ಹೋದವರಿಗೆ ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ತುರ್ತು ವಿಭಾಗದ ಚಿಕಿತ್ಸೆಯನ್ನು ಬಿಟ್ಟರೆ ಒಳರೋಗಿಯಾಗಿ ಸೇರಿದ ಬಳಿಕದ ಖರ್ಚು ಸಾಮಾನ್ಯವಾಗಿ ನಮ್ಮದೇ. ಎಂಬತ್ತು ದಾಟಿದವರಿಗೆ ವಿಮೆ ಕೊಡುವವರು ಕಡಿಮೆ, ಕೊಟ್ಟರೂ ಮೊದಲೇ ಇದ್ದ ಬೇನೆಗಳನ್ನು ಅನೇಕರು ಹೊರಗಿಡುತ್ತಾರೆ. ಸಣ್ಣಕ್ಷರದಲ್ಲಿ ಅಚ್ಚಾದದ್ದನ್ನೆಲ್ಲ ಓದಿ ಸಹಿ ಹಾಕಿರಿ. ಹತ್ತು ಗಂಟೆಯ ಹಾರಾಟದಲ್ಲಿ ಕುಳಿತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ನಡುನಡುವೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕೆಂದು ನಮ್ಮ ವೈದ್ಯರು ಹೇಳಿದ್ದಾರೆ. ಗಾಲಿಕುರ್ಚಿ ಬೇಕೆಂದು ಟಿಕೆಟ್ ಕೊಳ್ಳುವಾಗಲೇ ತಿಳಿಸಿದ್ದೇನೆ. ಅವ್ವ ಅದಕ್ಕೆ ಇನ್ನೂ ಒಪ್ಪಿಲ್ಲ.

ಅವಳ ದೊಡ್ಡ ಚಿಂತೆ ಬೇರೆಯದು. ಕೊರಳಲ್ಲಿಯ ಬೆಳ್ಳಿಯ ಕರಡಿಗೆಯನ್ನು ತಪಾಸಣೆಯವರು ತೆಗೆಯೆಂದರೆ ಏನು ಮಾಡುವುದು? ಇಷ್ಟಲಿಂಗವನ್ನು ಮೈಯಿಂದ ಅಗಲಿಸುವುದೆಂದರೆ ಅವಳಿಗೆ ಪ್ರಾಣಸಂಕಟ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಹೆಂಗಸರನ್ನು ಪರದೆಯ ಮರೆಯಲ್ಲಿ ಹೆಂಗಸರೇ ತಪಾಸಣೆ ಮಾಡುತ್ತಾರೆ. ಬೆಳ್ಳಿಗೆ ಯಂತ್ರ ಕೂಗಿಯೇ ಕೂಗುತ್ತದೆ. ಯಂತ್ರದ ಬಾಗಿಲಿಗೆ ಹೋಗುವ ಮುಂಚೆಯೇ ‘ಇದು ಪೂಜೆಯ ಲಿಂಗ’ ಎಂದು ಶಾಂತವಾಗಿ ಹೇಳಿ, ಕೈಯಿಂದ ಪರೀಕ್ಷಿಸಲು ಕೇಳಿಕೊಳ್ಳುವುದು ಒಳ್ಳೆಯದು. ಬ್ರಿಟನ್ನಿನಲ್ಲಿಯೂ ಏಕಾಂತದ ಕೋಣೆಯಲ್ಲಿ ಪರೀಕ್ಷಿಸಿರೆಂದು ಕೇಳಲು ಅವಕಾಶವುಂಟು. ಅವ್ವನಿಗೆ ಇಂಗ್ಲಿಷಿನ ನಾಲ್ಕು ಶಬ್ದ ಕಲಿಸಲು ನೋಡಿದೆ. ‘ನಾ ಕೈ ಮುಗದ ತೋರಸತೀನಿ, ಹೆಂಗಸಿಗೆ ಹೆಂಗಸಿನ ಮಾತ ತಿಳೀತೈತಿ’ ಎಂದು ಪಾಠ ಮುಗಿಸಿದಳು.

ದೀಪದ್ದು ಇನ್ನೊಂದು ಪ್ರಶ್ನೆ. ಹೊತ್ತು ಮುಳುಗುವಾಗ ದೀಪ ಹಚ್ಚಿ, ಲಿಂಗಪೂಜೆ ಮುಗಿಸಿ ಆಮೇಲೆ ಪ್ರಸಾದ ಸ್ವೀಕರಿಸುವುದು ಅವಳ ಜೀವಮಾನದ ನೇಮ. ಎಡಿನ್‌ಬರೋ ಉತ್ತರಕ್ಕೆ ಬಹಳ ದೂರದಲ್ಲಿರುವ ಊರು. ಜೂನ್ ತಿಂಗಳ ನಡುವೆ ಅಲ್ಲಿ ಬೆಳಗಿನ ನಾಲ್ಕೂವರೆಗೆ ಸೂರ್ಯೋದಯ. ಮುಳುಗುವುದು ರಾತ್ರಿ ಹತ್ತು ಗಂಟೆಗೆ. ಇದನ್ನು ಕೇಳಿ ಅವ್ವ ನಂಬಲಿಲ್ಲ, ನಾನು ತಮಾಷೆ ಮಾಡುತ್ತೇನೆಂದು ಮೊಮ್ಮಗಳಿಗೇ ಫೋನಿನಲ್ಲಿ ಕೇಳಿ ಖಾತರಿ ಮಾಡಿಕೊಂಡಳು. ‘ಹಂಗಾರ ಹತ್ತರತನಕಾ ಉಪಾಸ ಇರಬೇಕೇನ?’ ಪಂಡಿತನಾದ ನನ್ನಲ್ಲಿ ಇದಕ್ಕೆ ಸಿದ್ಧವಾದ ಉತ್ತರವಿರಲಿಲ್ಲ. ನಮ್ಮ ಗ್ರಂಥಗಳನ್ನು ಬರೆದವರು ಅಂಥ ಸಂಜೆಯನ್ನು ಕಂಡವರಲ್ಲ. ಅವ್ವನೇ ಒಂದು ದಿನ ಯೋಚಿಸಿ, ‘ನಮ್ಮೂರಾಗ ದೀಪ ಹಚ್ಚೂ ಹೊತ್ತಿಗೆ ಅಲ್ಲಿ ಹಚ್ಚತೀನಿ’ ಎಂದು ತೀರ್ಮಾನಿಸಿದಳು. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಂದರೆ ಮಧ್ಯಾಹ್ನ ಎರಡೂವರೆಯ ಸುಮಾರಿಗೆ, ಕಣ್ಣು ಕೋರೈಸುವ ಬಿಸಿಲಿನಲ್ಲಿ, ಆ ಮನೆಯಲ್ಲಿ ಸಂಜೆಯ ದೀಪ ಬೆಳಗಲಿದೆ. ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ.

ಶ್ರಾವಣ ಊರಲ್ಲಿ ತಪ್ಪುತ್ತದೆಂಬ ಕೊರಗು ಅವಳಿಗಿದೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮ ಸಂಪ್ರದಾಯ. ಉಂಡಿಗೆಂದು ಎಳ್ಳು, ಶೇಂಗಾ, ಪುಠಾಣಿಗಳನ್ನು ಈಗಲೇ ಹುರಿದು ಕಟ್ಟುತ್ತಿರುವಾಗ, ‘ಆಕೀಗಿ ಬರಾಕ ತವರಮನೀನ ಉಳಿದಿಲ್ಲ. ಈ ಸಲ ತವರಮನೀನ ಆಕಿ ಕಡೆ ಹೋಗತೈತಿ’ ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದಳು. ನಾನು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕುಳಿತು ಕೇಳಿಸಿಕೊಂಡೆ.

ಮೊನ್ನೆ ರಾತ್ರಿ ಊಟವಾದ ಮೇಲೆ ಅವ್ವ ತಾನಾಗಿಯೇ ನನ್ನ ಬಲಕ್ಕೆ ಬಂದು ಕುಳಿತಳು. ಅವಳ ಎಡಗಿವಿ ನನ್ನ ಕಡೆಗಿತ್ತು. ಅಲ್ಲಿ ಮನೆ ಎಷ್ಟು ದೊಡ್ಡದು ಎಂದು ಕೇಳಿದಳು. ‘ಸಣ್ಣದವ್ವಾ, ಎರಡೇ ಕೋಣೆ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಬೇಕು’ ಎಂದೆ. ಅವಳು ಸ್ವಲ್ಪ ಸಂಕೋಚಪಟ್ಟವಳಂತೆ ಸೆರಗು ಸರಿಪಡಿಸಿಕೊಂಡಳು.

‘ನಾ ಗೊರಕಿ ಹೊಡೀತೀನಿ, ನಿನಗ ನಿದ್ದಿ ಬರತೈತೋ ಇಲ್ಲೋ’ ಎಂದಳು.

ನನ್ನ ಹೆಂಡತಿಯ ಪಟ್ಟಿಯಲ್ಲಿ ಅದು ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾನೂ ಹೊಡೆಯುತ್ತೇನೆಂದು ಹೇಳಿದೆ. ‘ಹೌದೇನ?’ ಎಂದು ನನ್ನ ಮುಖವನ್ನೇ ನೋಡಿದಳು. ‘ಸಣ್ಣಾಂವ ಇದ್ದಾಗ ಹೊಡೀತಿದ್ದಿಲ್ಲ.’